ಮೀಸಲು ಕ್ಷೇತ್ರವಿದೆ, ಮಾತು ಎಲ್ಲಿ?

2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆ ಆದಾಗ ಎಚ್.ಡಿ. ಕೋಟೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಕಾಕನಕೋಟೆ ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿಗೆ ಇದರಿಂದ ವಿಧಾನಸೌಧದ ಬಾಗಿಲು ತೆರೆಯಬೇಕಿತ್ತು. ಆಮೇಲೆ ನಾಲ್ಕು ಸಾರ್ವತ್ರಿಕ ಚುನಾವಣೆಗಳು ನಡೆದವು. ಹಾಡಿಯಿಂದ ಒಬ್ಬರೂ ಗೆದ್ದು ಬರಲಿಲ್ಲ. ಗೆದ್ದವರು ನಾಯಕ ಸಮುದಾಯದವರು.

ಇದಕ್ಕೆ ನಾಯಕರನ್ನು ದೂರಿ ಫಲವಿಲ್ಲ. ಅವರೂ ಕಾನೂನಿನ ಪ್ರಕಾರ 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವರೇ. ಮತ, ಜಮೀನು, ಕಾರ್ಯಕರ್ತರ ಬಲ ಇರುವ ಕಡೆಗೆ ಟಿಕೆಟ್ ಹೋಗುತ್ತದೆ, ಅಷ್ಟೇ. ಒಳಮೀಸಲಾತಿ ಬೇಕೆನ್ನುವವರಿದ್ದಾರೆ. ನೌಕರಿ, ಸೀಟುಗಳಿಗೆ ಅದು ಸರಿ. ಆದರೆ ಒಂದೇ ಶಾಸಕ ಸ್ಥಾನವನ್ನು ಹೋಳು ಮಾಡಿ ಹಂಚುವುದು ಹೇಗೆ? ತಲೆಯೆಣಿಕೆಯಲ್ಲಿ ಸೋಲಲೇಬೇಕಾದವರಿಗೆ ತಲೆಯೆಣಿಕೆಯ ಆಚೆ ಒಂದು ಜಾಗ ಬೇಕು.

ಆ ಜಾಗ ಇದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಜಾರಿಗೆ ಬಂದದ್ದೂ 2008ರಲ್ಲೇ, ಜನವರಿ 1ರಂದು. ಹಕ್ಕಿನ ಅರ್ಜಿಯನ್ನು ಮೊದಲು ನೋಡಬೇಕಾದದ್ದು ಗ್ರಾಮಸಭೆ. ಹುಲಿಗಾಗಿ ಜನರನ್ನು ಕಾಡಿನಿಂದ ಎಬ್ಬಿಸಬೇಕಾದರೂ ಅದೇ ಸಭೆಯ ಒಪ್ಪಿಗೆ ಬೇಕು. 2012ರ ತಿದ್ದುಪಡಿಯಂತೆ ಸದಸ್ಯರಲ್ಲಿ ಅರ್ಧದಷ್ಟು ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು.

ಕಾಗದದ ಮೇಲೆ ಇದು ಚೆನ್ನ. ಆದರೆ ಹಾಡಿಯವರನ್ನು ಕೊಡಗಿನ ಕಾಫಿ ತೋಟದ ಕೂಲಿಗೆ ಕರೆದೊಯ್ಯುವ ಜೀಪು ಹೊರಡುವುದು ಬೆಳಗ್ಗೆಯೇ. ಸಭೆ ಹನ್ನೊಂದಕ್ಕೆ ಎಂದರೆ ಉಳಿದಿರುವವರು ಮುದುಕರು, ಮಕ್ಕಳು. ನಡಾವಳಿ ಪುಸ್ತಕಕ್ಕೆ ಸಂಜೆ ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕೋರಂ ಆಯಿತು, ಚರ್ಚೆ ಆಗಲಿಲ್ಲ. ಅಂಥ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಬಾಯಿ ಬಾರದು. ಮಾಸ್ತಿಯವರ ‘ಕಾಕನಕೋಟೆ’ ನಾಟಕದ ಕಾಡುಕುರುಬ ಮುಖಂಡ ದೊರೆಯೊಡನೆ ಮಾತಾಡಿದ್ದನ್ನು ಮೆಚ್ಚಿದ ನಾವು, ಅವನ ಕಡೆಯವರು ಪಿಡಿಒ ಎದುರು ಮಾತಾಡಿದರೆ ತಕರಾರು ಎನ್ನುತ್ತೇವೆ.

ಮಾತು ಕೇಳದೆ ಎಬ್ಬಿಸಿದ ಲೆಕ್ಕ ಸಣ್ಣದಲ್ಲ. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿತು.

ಹಾಡಿಯ ಕೈಗೆ ತೀರ್ಮಾನ ಕೊಟ್ಟರೆ ಕಾಡು ಉಳಿದೀತೇ ಎಂಬ ಅಂಜಿಕೆ ಇದೆ. ಹುಲಿ, ಆನೆ ಇರುವ ಕಾಡಿನ ವಿಷಯದಲ್ಲಿ ಅದನ್ನು ತಳ್ಳಿಹಾಕಲಾಗದು. ಆದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಕೊಟ್ಟ ಮೇಲೂ ಅದು ಹುಲಿ ಸಂರಕ್ಷಿತ ಪ್ರದೇಶವಾಗಿಯೇ ಇದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಗಣಿಗಾರಿಕೆ ಬೇಡವೆಂದವು. ಬೆಟ್ಟ ಉಳಿಸಿದ್ದು ಅಲ್ಲಿನ ಜನರೇ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಾಲ್ಲೂಕು ಆಡಳಿತಗಳು ಹಾಡಿಯ ಮಾತು ಕೇಳಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಸಭೆಯನ್ನು ಹಾಡಿಯಲ್ಲೇ, ಕೂಲಿಯ ಜೀಪು ವಾಪಸು ಬಂದ ಮೇಲೆ ಕರೆಯಲಿ. ನಡಾವಳಿಯನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಲಿ.