ಕೂಲಿ ಹೋದ ಕೈಗೆ ಎಷ್ಟು, ಯಾರ ಲಾಭದಿಂದ?



ಸಾರ್ವತ್ರಿಕ ಮೂಲ ಆದಾಯ ಎಂದರೆ ದುಡಿಯುವವರು-ದುಡಿಯದವರು, ಉಳ್ಳವರು-ಇಲ್ಲದವರು ಎಂಬ ಭೇದವಿಲ್ಲದೆ ಪ್ರತಿಯೊಬ್ಬರಿಗೂ ಸರ್ಕಾರ ತಿಂಗಳು ತಿಂಗಳು ಷರತ್ತಿಲ್ಲದೆ ಕೊಡುವ ಹಣ. ವಿಚಾರ ಹಳೆಯದು. ಭೂಮಿ ಎಲ್ಲರಿಗೂ ಸೇರಿದ್ದು, ಅದನ್ನು ಕೆಲವರು ತಮ್ಮದಾಗಿಸಿಕೊಂಡಿರುವುದರಿಂದ ಉಳಿದವರಿಗೆ ಪರಿಹಾರ ಸಲ್ಲಬೇಕು ಎಂದು ಥಾಮಸ್ ಪೇನ್ 1797ರಲ್ಲಿ ವಾದಿಸಿದ. ಅದಕ್ಕೆ ಬೇಕಾದ ಹಣ ಆಸ್ತಿಯ ವಾರಸುದಾರರಿಂದ ಬರಬೇಕು ಎಂದೂ ಹೇಳಿದ. ಕೃತಕ ಬುದ್ಧಿಮತ್ತೆಯ ಅಬ್ಬರ ಶುರುವಾದ ಮೇಲೆ ಈ ವಿಚಾರ ಮತ್ತೆ ಚಾಲ್ತಿಗೆ ಬಂದಿದೆ. ಯಂತ್ರಗಳು ಕೆಲಸ ಕಸಿಯುವುದು ಖಚಿತ, ಎಲ್ಲರ ಖಾತೆಗೂ ಒಂದಿಷ್ಟು ಹಣ ಹಾಕಿದರೆ ಸಮಸ್ಯೆ ಮುಗಿಯಿತು ಎಂದು ಅರ್ಥಶಾಸ್ತ್ರಜ್ಞರ ಜೊತೆಗೆ ಆ ಯಂತ್ರಗಳನ್ನು ಕಟ್ಟುವ ಕಂಪನಿಗಳ ಮುಖ್ಯಸ್ಥರೂ ಹೇಳುತ್ತಿದ್ದಾರೆ. ಪೇನ್ ಹೇಳಿದ ಎರಡನೆಯ ಮಾತು, ಅಂದರೆ ಹಣ ಯಾರಿಂದ ಬರಬೇಕು ಎಂಬುದು, ಈ ವಾದದಲ್ಲಿ ಬಿಟ್ಟುಹೋಗಿದೆ. ಆಕ್ಷೇಪ ಇರುವುದು ಅಲ್ಲಿಯೇ.

ಯಂತ್ರದಿಂದ ಕೆಲಸ ಹೋಗುವ ಮಾತು ಬಂದರೆ ಎಲ್ಲರ ಕಣ್ಣೂ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳತ್ತ ಹೋಗುತ್ತದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕಾರಣ ಕೃತಕ ಬುದ್ಧಿಮತ್ತೆಯಲ್ಲ ಎಂದು ಕಂಪನಿ ಹೇಳಿದರೂ ವಾರಗಟ್ಟಲೆ ಚರ್ಚೆ ನಡೆದದ್ದು ಅದರ ಮೇಲೆಯೇ. ಅಷ್ಟು ಚರ್ಚೆಯಿಲ್ಲದೆ, ಅದಕ್ಕೂ ಬಹಳ ಮುಂಚೆ ಯಂತ್ರಕ್ಕೆ ಕೂಲಿ ಬಿಟ್ಟುಕೊಟ್ಟವರು ಗದ್ದೆಯ ಹೆಂಗಸರು. ತುಂಗಭದ್ರಾ ಎಡದಂಡೆ ನಾಲೆಯ ಸಿಂಧನೂರು, ಕಾರಟಗಿ, ಗಂಗಾವತಿ ಭಾಗದಲ್ಲಿ ಭತ್ತದ ಕೊಯ್ಲೆಂದರೆ ಸಾಲು ಹಿಡಿದು ಕೊಯ್ದು, ಹರವಿ ಒಣಗಿಸಿ, ಸಿವುಡು ಕಟ್ಟಿ, ಕಣಕ್ಕೆ ಹೊತ್ತು, ಬಡಿದು ತೂರುವವರೆಗೆ ಹಲವು ದಿನಗಳ ದುಡಿಮೆಯಾಗಿತ್ತು. ಈಗ ಕಟಾವು ಯಂತ್ರ ಒಂದು ಎಕರೆಯನ್ನು ಗಂಟೆ ಹೊತ್ತಿಗೆ ಮುಗಿಸಿ ಕಾಳನ್ನು ನೇರ ಟ್ರ್ಯಾಕ್ಟರಿನ ಟ್ರೇಲರಿಗೆ ಸುರಿಯುತ್ತದೆ. ಹತ್ತಾರು ಮನೆಗಳಿಗೆ ಹಂಚಿಹೋಗುತ್ತಿದ್ದ ಕೂಲಿ ಗಂಟೆಯ ಬಾಡಿಗೆಯಾಗಿ ಯಂತ್ರದ ಮಾಲೀಕನಿಗೆ ಸೇರುತ್ತದೆ. ಸುಗ್ಗಿಗೆ ಬರುವ ಯಂತ್ರಗಳಲ್ಲಿ ಹೊರರಾಜ್ಯದವೂ ಇವೆ. ಕೊಯ್ಲಾದ ಗದ್ದೆಯಲ್ಲಿ ಹಕ್ಕಲು ಆಯ್ದು ಒಂದೆರಡು ಸೇರು ಭತ್ತ ಮಾಡಿಕೊಳ್ಳುತ್ತಿದ್ದ ಮುದುಕಿಯರಿಗೂ ಆ ದಾರಿ ಮುಚ್ಚುತ್ತಿದೆ. ನಾಟಿಯ ಕೂಲಿ ಉಳಿದಿದೆ, ಆದರೆ ಭತ್ತವನ್ನು ಕೂರಿಗೆಯಲ್ಲಿ ಬಿತ್ತುವ ಪದ್ಧತಿ ಹಬ್ಬಿದ ಕಡೆ ಅದಕ್ಕೂ ಕತ್ತರಿ ಬಿದ್ದಿದೆ. ಇದರಲ್ಲಿ ರೈತರನ್ನು ದೂರಿ ಫಲವಿಲ್ಲ. ಹೊತ್ತಿಗೆ ಸರಿಯಾಗಿ ಆಳು ಸಿಗದೆ, ಕೊಯ್ದ ಪೈರು ಮಳೆಗೆ ಸಿಕ್ಕಿ ಮೊಳಕೆಯೊಡೆದರೆ ಅವರ ಹಂಗಾಮೇ ಮುಳುಗುತ್ತದೆ. ಪ್ರಶ್ನೆ ಸರ್ಕಾರದ್ದು. ಕೃಷಿ ಯಂತ್ರ ಕೊಳ್ಳಲು ಅದು ಬೆಲೆಯ ಶೇ 40ರಿಂದ 50ರವರೆಗೆ ಸಹಾಯಧನ ಕೊಡುತ್ತದೆ. ಆ ಯಂತ್ರದಿಂದ ಕೂಲಿ ಕಳೆದುಕೊಂಡವರ ಲೆಕ್ಕವನ್ನು ಮಾತ್ರ ಯಾವ ಇಲಾಖೆಯೂ ಇಡುವುದಿಲ್ಲ.

ಇಂಥವರಿಗೆ ಮೂಲ ಆದಾಯ ಕೊಟ್ಟರೆ ಆ ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂಬ ಆಪಾದನೆಯನ್ನು ಪ್ರಯೋಗಗಳು ಸುಳ್ಳಾಗಿಸಿವೆ. ‘ಸೇವಾ’ ಎಂಬ ಮಹಿಳಾ ಕಾರ್ಮಿಕರ ಸಂಘಟನೆ, ಯುನಿಸೆಫ್ ನೆರವಿನಿಂದ 2011ರಲ್ಲಿ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ ಕೊಟ್ಟಿತು. ವರ್ಷದ ಬಳಿಕ ಅದನ್ನು 300 ಮತ್ತು 150ಕ್ಕೆ ಏರಿಸಿತು. ಜನ ಕೆಲಸ ಬಿಡಲಿಲ್ಲ. ಎಷ್ಟೋ ಮಂದಿ ಪರರ ಹೊಲದ ಕೂಲಿ ತಗ್ಗಿಸಿ ತಮ್ಮ ಸ್ವಂತ ಹೊಲಕ್ಕೆ, ಸಣ್ಣ ಕಸುಬಿಗೆ ಹೆಚ್ಚು ಹೊತ್ತು ಕೊಟ್ಟರು. ಮಕ್ಕಳ ಊಟ ಸುಧಾರಿಸಿತು. ಆಗ ಅವರ ಪಡಿತರಕ್ಕೆ ಯಾರೂ ಕೈ ಹಾಕಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟು ನೋಡಿತು. ಹಣ ಪಡೆದವರ ನೆಮ್ಮದಿ ಹೆಚ್ಚಿತು, ಸಂಸ್ಥೆಗಳ ಮೇಲಿನ ನಂಬಿಕೆ ಹೆಚ್ಚಿತು. ಉದ್ಯೋಗದಲ್ಲಿ ಆದ ವ್ಯತ್ಯಾಸ ಒಂದು ವರ್ಷದಲ್ಲಿ ಸುಮಾರು ಆರು ದಿನದ ಹೆಚ್ಚುವರಿ ಕೆಲಸ, ಅಷ್ಟೇ. ಮೂಲ ಆದಾಯದಿಂದ ಹಸಿವು ತಗ್ಗುತ್ತದೆ, ಆತಂಕ ಇಳಿಯುತ್ತದೆ. ಹೋದ ಕೆಲಸ ಹಿಂದಿರುಗುವುದಿಲ್ಲ.

ಭಾರತದಲ್ಲಿ ಈ ವಿಚಾರಕ್ಕೆ ಅಧಿಕೃತ ಮನ್ನಣೆ ತಂದುಕೊಟ್ಟದ್ದು 2016-17ರ ಆರ್ಥಿಕ ಸಮೀಕ್ಷೆ. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ನೇತೃತ್ವದಲ್ಲಿ ಸಿದ್ಧವಾದ ಅದರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ. ಜನಸಂಖ್ಯೆಯ ಮುಕ್ಕಾಲು ಪಾಲಿಗೆ ಕೊಟ್ಟರೆ ಖರ್ಚು ಜಿಡಿಪಿಯ ಶೇ 4.9. ದಿನಕ್ಕೆ ಹಂಚಿದರೆ 21 ರೂಪಾಯಿ. ಇಷ್ಟು ಕೊಡಲೂ ಹಣದ ಮೂಲವೆಂದು ಸೂಚಿತವಾದದ್ದು ಆಗಲೇ ಜಾರಿಯಲ್ಲಿದ್ದ ಸಬ್ಸಿಡಿ ಮತ್ತು ಕಲ್ಯಾಣ ಯೋಜನೆಗಳು. ಬಡವರ ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕುವ ಈ ದಾರಿ ಯಂತ್ರದಿಂದ ಲಾಭ ಮಾಡಿದವರ ಹತ್ತಿರ ಸುಳಿಯುವುದೇ ಇಲ್ಲ. ಪಡಿತರದ ಅಕ್ಕಿಗೆ ಇರುವ ಒಂದು ಗುಣ ನಗದಿಗಿಲ್ಲ: ಪೇಟೆಯ ಬೆಲೆ ಎಷ್ಟೇ ಏರಿದರೂ ಐದು ಕಿಲೊ ಐದು ಕಿಲೊ ಆಗಿಯೇ ಉಳಿಯುತ್ತದೆ.

ನಗದು ಹೇಗೆ ಸವೆಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಪುರಾವೆ ಇದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಮೂಲ ಆದಾಯಕ್ಕೆ ಬಹಳ ಹತ್ತಿರದ ಯೋಜನೆ. ಮನೆಯೊಡತಿಯ ಕೈಗೇ ತಿಂಗಳಿಗೆ ಎರಡು ಸಾವಿರ ರೂಪಾಯಿ ಬರುವುದು ಅದರ ದೊಡ್ಡ ಸಾಧನೆ, ಅದನ್ನು ಹಗುರವಾಗಿ ಕಾಣಬಾರದು. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ ಇತ್ತು. ಎರಡು ಸಾವಿರ ಎಂದರೆ ಆರು ದಿನದ ಕೂಲಿ ದಾಟುತ್ತಿತ್ತು. 2025-26ಕ್ಕೆ ದಿನಗೂಲಿ 370 ಆಯಿತು, ಎರಡು ಸಾವಿರ ಎರಡು ಸಾವಿರವಾಗಿಯೇ ಉಳಿದು ಐದೂವರೆ ದಿನದ ಕೂಲಿಗೂ ಸಾಲದಾಯಿತು. ಕಂತು ತಡವಾದ ತಿಂಗಳುಗಳಲ್ಲಿ ದಿನಸಿ ಅಂಗಡಿಯ ಉದ್ರಿ ಏರುವುದು ಬೇರೆ. ಇನ್ನೂ ಕಟುವಾದ ಉದಾಹರಣೆ ವೃದ್ಧಾಪ್ಯ ವೇತನ. 60ರಿಂದ 79 ವರ್ಷದ ಬಡ ವೃದ್ಧರಿಗೆ ಕೇಂದ್ರ ಕೊಡುವ ಪಾಲು ಸುಮಾರು ಎರಡು ದಶಕದಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ಬೆಲೆಗೆ ತಕ್ಕಂತೆ ಏರುವ ತುಟ್ಟಿಭತ್ಯೆಯನ್ನು ಸರ್ಕಾರ ತನ್ನ ನೌಕರರಿಗೆ ಕೊಡುತ್ತದೆ. ಮೂಲ ಆದಾಯದ ಯಾವುದೇ ಕಾಯ್ದೆಯಲ್ಲಿ ಆ ನಿಯಮ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಅದು ಹೆಸರಿಗಷ್ಟೇ ಉಳಿಯುತ್ತದೆ.

ಹಣ ಎಲ್ಲಿಂದ ಎಂಬುದಕ್ಕೆ ದಾರಿಗಳು ಇಲ್ಲದಿಲ್ಲ. ಅಮೆರಿಕದ ಅಲಾಸ್ಕ ರಾಜ್ಯ 1976ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಎಣ್ಣೆ ಮತ್ತು ಖನಿಜದ ರಾಜಧನದಲ್ಲಿ ಕನಿಷ್ಠ ಶೇ 25ನ್ನು ಶಾಶ್ವತ ನಿಧಿಗೆ ಕಟ್ಟಿಟ್ಟಿತು. 1982ರಿಂದ ಅದರ ಗಳಿಕೆಯಲ್ಲಿ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಪಾಲು ಸಿಗುತ್ತಿದೆ. ಅಲ್ಲಿನವರು ಅದನ್ನು ಡಿವಿಡೆಂಡ್ ಎಂದೇ ಪಡೆಯುತ್ತಾರೆ. ಯಾರ ದಯೆಯೂ ಅದರಲ್ಲಿಲ್ಲ. ಭಾರತದಲ್ಲಿ 1996ರ ಕಾಯ್ದೆ ಕಟ್ಟಡ ವೆಚ್ಚದ ಮೇಲೆ ಶೇ 1ರ ಸೆಸ್ ಹಾಕಿ ಕಟ್ಟಡ ಕಾರ್ಮಿಕರ ನಿಧಿಗೆ ಸೇರಿಸುವ ವ್ಯವಸ್ಥೆ ಮಾಡಿತು. ಕೂಡಿದ ಹಣವನ್ನು ರಾಜ್ಯಗಳು ಖರ್ಚು ಮಾಡದೆ ಇಟ್ಟುಕೊಂಡದ್ದಕ್ಕೆ ಸುಪ್ರೀಂ ಕೋರ್ಟ್ ಛೀಮಾರಿ ಹಾಕಿದ್ದೂ ಉಂಟು, ಆದರೆ ತತ್ವ ಸರಿಯಾಗಿದೆ. ಅದೇ ತತ್ವದ ಮೇಲೆ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು: ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು. ಊಟ ತಲುಪಿಸುವ ಹುಡುಗನ ಹೆಸರಲ್ಲಿ ಇದು ಸಾಧ್ಯವಾದರೆ, ಆ ಹುಡುಗನ ಜಾಗಕ್ಕೆ ಬರುವ ಯಂತ್ರದ ಗಳಿಕೆಯ ಮೇಲೆ ಏಕೆ ಸಾಧ್ಯವಾಗಬಾರದು?

ತೆರಿಗೆಯ ಹಾದಿ ಈಗ ತಿರುವುಮುರುವಾಗಿದೆ. ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇ 40, ಸಾಮಾನ್ಯ ಯಂತ್ರದ ಮೇಲೆ ಶೇ 15 ಸವಕಳಿಯನ್ನು ಆದಾಯದಲ್ಲಿ ಕಳೆಯಬಹುದು. ಆಳನ್ನು ಇಟ್ಟುಕೊಂಡರೆ ಭವಿಷ್ಯ ನಿಧಿ, ಇಎಸ್ಐ ಕಟ್ಟಬೇಕು. ಹೊಸ ನೇಮಕಕ್ಕೆ ಮೂರು ವರ್ಷದ ರಿಯಾಯಿತಿ ಇದ್ದರೂ ಅದು ನೋಂದಾಯಿತ ಕಂಪನಿ-ಕಾರ್ಖಾನೆಗಳ ನೌಕರರಿಗೆ. ಗದ್ದೆಯ ಕೂಲಿಗೆ ತಲುಪುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಕಾರ್ಪೊರೇಟ್ ತೆರಿಗೆಯ ಮೂಲದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ಒಂದು ಕಡೆ ಈ ತೆರಿಗೆ ಇಳಿಸಿ, ಇನ್ನೊಂದು ಕಡೆ ಪಡಿತರ ಕಡಿದು ಮೂಲ ಆದಾಯ ಕೊಡುತ್ತೇವೆ ಎನ್ನುವುದು ಅನ್ಯಾಯ.

ಆದ್ದರಿಂದ ಮೂಲ ಆದಾಯದ ಚರ್ಚೆ ವಿಧಾನಸಭೆಯಲ್ಲಾಗಲಿ ಸಂಸತ್ತಿನಲ್ಲಾಗಲಿ ನಡೆಯುವಾಗ ಮೂರು ವಿಷಯ ಮೊದಲು ತೀರ್ಮಾನವಾಗಬೇಕು. ಪಡಿತರ ಮತ್ತು ಕೆಲಸದ ಖಾತ್ರಿಯ ಜೊತೆಗೇ ಅದು ಬರಬೇಕು, ಅವುಗಳ ಬದಲಿಗಲ್ಲ. ಬೆಲೆ ಏರಿದಂತೆ ಮೊತ್ತ ತಾನಾಗಿಯೇ ಏರುವಂತೆ ಕಾಯ್ದೆಯಲ್ಲೇ ಬರೆದಿರಬೇಕು. ಹಣದ ಒಂದು ಗೊತ್ತಾದ ಪಾಲು, ಜನರ ಬದಲು ಯಂತ್ರ ಹಾಕಿ ಉಳಿತಾಯ ಮಾಡಿದವರ ಲಾಭದಿಂದಲೇ ಬರಬೇಕು. ಅಲ್ಲಿಯವರೆಗೂ ಕಾಯಬೇಕಿಲ್ಲದ ಕೆಲಸವೊಂದಿದೆ: ಕಟಾವು ಯಂತ್ರಕ್ಕೆ ಸರ್ಕಾರ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು, ಜಮೀನಿಲ್ಲದ ಕೂಲಿ ಹೆಂಗಸರ ಸ್ವಸಹಾಯ ಸಂಘಗಳೇ ಯಂತ್ರ ಕೊಂಡು ಬಾಡಿಗೆಗೆ ಬಿಡಲು ಮೀಸಲಿಡಬಹುದು. ಮುಂದಿನ ಸುಗ್ಗಿಯ ಬಾಡಿಗೆಯಲ್ಲಾದರೂ ಅವರ ಪಾಲು ಅವರಿಗೆ ಬರುತ್ತದೆ.

— ಓದುಗರೊಬ್ಬರು, ಸಿಂಧನೂರು