ಸಂಸಾರದ ಲೆಕ್ಕ: ಹೊಸ ಬಡಾವಣೆಗೆ ಹೊರಡುವ ಮುನ್ನ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮವರ ಮನೆಗಳಲ್ಲಿ ಈಗ ಎಲ್ಲೆಲ್ಲೂ ಪ್ಲಾಟಿನ ಮಾತು. ಮೊನ್ನೆಮೊನ್ನೆಯವರೆಗೆ ತೊಗರಿ, ಸೋಯಾಬೀನ್ ಬೆಳೆಯುತ್ತಿದ್ದ ಹೊಲದಲ್ಲಿ ಸುಣ್ಣದ ಗೆರೆ ಬೀಳುತ್ತದೆ, ಮೂಲೆಗಲ್ಲುಗಳು ನಿಲ್ಲುತ್ತವೆ, ರಸ್ತೆಯ ಬದಿಗೆ ಒಂದು ಕಮಾನು ಏಳುತ್ತದೆ. ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ, ಅಣ್ಣತಮ್ಮಂದಿರಲ್ಲಿ ಪಾಲಾಗಿ ಒಂದೇ ಕೋಣೆ ಉಳಿದವರಿಗೆ ಸ್ವಂತ ಸೂರು ಬೇಕೆನಿಸುವುದು ಸಹಜ. ಹೊಸ ಮನೆಯ ಆಶೀರ್ವಾದಕ್ಕೆ ಕರೆ ಬಂದರೆ ನಮಗೂ ಸಂತೋಷವೇ. ಆದರೆ ಆಶೀರ್ವಾದ ಮುಗಿದು ಊಟಕ್ಕೆ ಕುಳಿತಾಗ ಯಜಮಾನರು ಪಕ್ಕಕ್ಕೆ ಕರೆದು ಮೆಲುದನಿಯಲ್ಲಿ ಸಾಲದ ಮಾತು ತೆಗೆಯುವುದೂ ಉಂಟು. ಆ ಮಾತು ಪ್ಲಾಟಿಗೆ ಮುಂಗಡ ಕೊಡುವ ಮುಂಚೆ ಮನೆಯೊಳಗೆ ನಡೆಯಬೇಕಾಗಿತ್ತು. ಅದಕ್ಕಾಗಿ ಈ ತಿಂಗಳು ಮನೆ ಬದಲಿಸುವ ಲೆಕ್ಕವನ್ನೇ ಕೈಗೆತ್ತಿಕೊಂಡಿದ್ದೇವೆ.

ಈ ಲೆಕ್ಕ ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ಸೀಮೆಯೇ ಬಹು ದೊಡ್ಡದೊಂದು ಸ್ಥಳಾಂತರವನ್ನು ಕಂಡಿದೆ. 1993ರ ಸೆಪ್ಟೆಂಬರ್ 30. ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದ ರಾತ್ರಿ. ಬೆಳಗಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಬಾಕಿ ಇರುವಾಗ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿಗೆ ಸೇರಿದ್ದ ಸಾಸ್ತೂರ, ಇವೆರಡರ ಆಸುಪಾಸಿನ ಹಳ್ಳಿಗಳು ನೆಲಸಮವಾದವು. ಸತ್ತವರು ಎಂಟು ಸಾವಿರದ ಹತ್ತಿರ ಎಂದು ಒಂದು ಲೆಕ್ಕ, ಹತ್ತು ಸಾವಿರದ ಹತ್ತಿರ ಎಂದು ಇನ್ನೊಂದು. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಾಳಿಗೆಯೇ ಮಲಗಿದ್ದವರ ಮೇಲೆ ಕುಸಿಯಿತು.

ಆಮೇಲೆ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿ ಕಾರ್ಯಕ್ರಮ ಕೈಗೊಂಡಿತು. 52 ಹಳ್ಳಿಗಳನ್ನು ಇಡಿಯಾಗಿ ಬೇರೆ ಜಾಗಕ್ಕೆ ಸಾಗಿಸಲಾಯಿತು. ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರಿನೊಳಗಿನ ಸಣ್ಣ ರೈತರಿಗೂ 250 ಚದರಡಿಯ ಮನೆ, ಏಳು ಹೆಕ್ಟೇರಿನವರೆಗೆ ಇದ್ದವರಿಗೆ 400, ಅದಕ್ಕೂ ಮೇಲಿನವರಿಗೆ 750 ಚದರಡಿ. 250 ಚದರಡಿ ಎಂದರೆ ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲಕ್ಕೂ ತುಸು ಕಡಿಮೆ. ಗೋಡೆ ಗಟ್ಟಿ, ಬೀದಿ ಅಗಲ, ಸಾಲುಸಾಲು ಮನೆ. ಭೂಕಂಪಕ್ಕೆ ಅಂಜಿ ತಗಡಿನ ಶೆಡ್ಡುಗಳಲ್ಲಿ ದಿನ ಕಳೆದ ಜನಕ್ಕೆ ಅದು ದೊಡ್ಡ ಆಸರೆಯಾಗಿತ್ತು. ಆ ಉಪಕಾರವನ್ನು ನಾವು ಸಣ್ಣದು ಮಾಡುವುದಿಲ್ಲ.

ಆದರೆ ಹೊಸ ಊರಿಗೆ ಹೋದ ಮೇಲೆ ಏನಾಯಿತು? ಎತ್ತು ಎಮ್ಮೆ ಎಲ್ಲಿ ಕಟ್ಟಬೇಕು, ಮೇವು ಎಲ್ಲಿ ಒಟ್ಟಬೇಕು, ಜೋಳದ ಚೀಲ ಎಲ್ಲಿಡಬೇಕು, ಮದುವೆಯಾದ ಮಗ ಎಲ್ಲಿ ಮಲಗಬೇಕು ಎಂಬುದಕ್ಕೆ ಆ ಹದಿನಾರು ಅಡಿಯಲ್ಲಿ ಉತ್ತರವಿರಲಿಲ್ಲ. ಕೈಯಿಂದ ಹಣ ಹಾಕಿ ತಗಡಿನ ಸಪ್ಪರ ಎಳೆದರು. ಕೆಲವರು ಭೂಕಂಪ ತಡೆಯುವ ಗೋಡೆಗೆ ಒತ್ತಿ ಮತ್ತೆ ಕಲ್ಲು ಮಣ್ಣಿನ ಗೋಡೆಯನ್ನೇ ಕಟ್ಟಿದರು. ನೀರು ಸಾಲದ ಕಡೆ ಶೌಚಾಲಯದಲ್ಲಿ ಕಟ್ಟಿಗೆ ತುಂಬಿದರು. ಹಳೆಯ ಊರಿಗಿಂತ ಹಲವು ಪಟ್ಟು ಹರಡಿಕೊಂಡ ಊರಿಗೆ ನೀರಿನ ಪೈಪು, ದೀಪ, ಚರಂಡಿ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಗೆ ಹೊರೆಯಾಯಿತು. ಹೊಲ ದೂರವಾಯಿತು, ನೆಂಟರ ಮನೆ ದೂರವಾಯಿತು, ಮುದುಕರಿಗೆ ಸಂಜೆ ಕೂಡುತ್ತಿದ್ದ ಕಟ್ಟೆಯೂ ಇಲ್ಲವಾಯಿತು.

ಗೋಡೆ ಅಳೆದವರು ದಿನಚರಿಯನ್ನು ಅಳೆದಿರಲಿಲ್ಲ. ಎಲ್ಲ ಕಡೆಯೂ ಹೀಗೇ ಆಯಿತೆಂದಲ್ಲ. ಬಾಣೇಗಾಂವ್ ಎಂಬ ಹಳ್ಳಿಯನ್ನು ಮಲಯಾಳ ಮನೋರಮಾ ಪತ್ರಿಕೆಯವರು ಕಟ್ಟಿಸಿಕೊಟ್ಟರು. ಅದರ ವಿನ್ಯಾಸ ಕೇರಳದ ಪ್ರಸಿದ್ಧ ವಾಸ್ತುಶಿಲ್ಪಿ ಲಾರಿ ಬೇಕರ್ ಅವರದು. ಸ್ಥಳಾಂತರವಿಲ್ಲದೆ ಇದ್ದಲ್ಲೇ ಮನೆ ದುರಸ್ತಿಯಾದ ಹಳ್ಳಿಗಳಲ್ಲಿ ಮಹಿಳೆಯರನ್ನೇ ಸಂವಾದ ಸಹಾಯಕರನ್ನಾಗಿ ನೇಮಿಸಿ, ಮನೆಮನೆಯ ಮಾತು ಅಧಿಕಾರಿಗಳಿಗೆ ಮುಟ್ಟುವಂತೆ ಮಾಡಲಾಯಿತು. ಸಿಮೆಂಟು ಎಷ್ಟು ಬಂತು, ಕಬ್ಬಿಣ ಎಷ್ಟು ಸೇರಿತು ಎಂದು ನಿಂತು ನೋಡಿದವರು ಅವರೇ.

ಕಿಲ್ಲಾರಿಯವರಿಗೆ ಆಯ್ಕೆ ಇರಲಿಲ್ಲ, ನಮಗೆ ಇದೆ. ಆದರೂ ನಾವು ಮಾಡುವ ಲೆಕ್ಕ ಏನು? ಪ್ಲಾಟಿನ ಬೆಲೆ, ಸಿಮೆಂಟು, ಕಬ್ಬಿಣ, ಮೇಸ್ತ್ರಿಯ ಕೂಲಿ, ಅಲ್ಲಿಗೆ ಮುಗಿಯಿತು. ಹಳೆಯ ಮನೆ ನಮಗೆ ಬಿಟ್ಟಿಯಾಗಿ ಕೊಡುತ್ತಿದ್ದದ್ದನ್ನು ಹೊಸ ಮನೆಯಲ್ಲಿ ದುಡ್ಡು ಕೊಟ್ಟು ತರಬೇಕಾಗುತ್ತದೆ ಎಂಬುದು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮೊದಲು ಕಾಗದ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ, ಈಗಿನದು ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ! ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮುನ್ನ ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳನ್ನು ಕೂಡಿಸಿಕೊಂಡು ಸಾತಬಾರಾ ಉತಾರವನ್ನು ಸಾಲುಸಾಲಾಗಿ ಓದಿಸಿರಿ. ಹೊಲ ಯಾರ ಹೆಸರಿನಲ್ಲಿದೆ, ಅದರ ಮೇಲೆ ಬ್ಯಾಂಕಿನ ಬೋಜಾ ಇದೆಯೇ, ಎನ್.ಎ. ಆಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೇ, ಇಷ್ಟನ್ನಾದರೂ ನೋಡಬೇಕು. ಗುಂಟೆ ಲೆಕ್ಕದಲ್ಲಿ ಹೊಲ ತುಂಡು ಮಾಡಿ ಮಾರುವುದು ಈ ಕಡೆ ಹಳೆಯ ಪದ್ಧತಿ. ಒಂದು ಗುಂಟೆ ಎಂದರೆ 1,089 ಚದರಡಿ. ಅಂಥ ಗುಂಠೇವಾರಿ ಪ್ಲಾಟುಗಳನ್ನು ಸಕ್ರಮ ಮಾಡಲು ಸರ್ಕಾರ 2001ರಲ್ಲಿ ಕಾಯ್ದೆ ತಂದಿತು. 2021ರ ತಿದ್ದುಪಡಿಯಲ್ಲಿ 2020ರ ಡಿಸೆಂಬರ್ 31ರವರೆಗಿನವನ್ನು ಅದರೊಳಗೆ ಸೇರಿಸಿತು. ಸಕ್ರಮದ ಶುಲ್ಕ ಬೀಳುವುದು ಪ್ಲಾಟು ಹಿಡಿದವನ ಮೇಲೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡ ಪ್ಲಾಟಿಗೆ ಈ ಶುಲ್ಕವನ್ನೂ ಕೂಡಿಸಿ ನೋಡಿದರೆ ಅಗ್ಗ ಎಷ್ಟು ಉಳಿಯಿತೆಂದು ತಿಳಿಯುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಹೊಸ ಬಡಾವಣೆಗಳು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ಮಾರುವವರನ್ನು ಆ ಸಂಖ್ಯೆ ಕೇಳಲು ಸಂಕೋಚ ಬೇಡ. ಬಾಂಡ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಿದ ಮಾತ್ರಕ್ಕೆ ಅದು ಖರೀದಿಪತ್ರ ಆಗುವುದಿಲ್ಲ.

ಇನ್ನು ಸಾಲ. ಹತ್ತು ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9,000. ಒಟ್ಟು ತೀರಿಸುವುದು 21 ಲಕ್ಷ 60 ಸಾವಿರದ ಹತ್ತಿರ. ಅದನ್ನೇ ಹದಿನೈದು ವರ್ಷಕ್ಕೆ ಇಳಿಸಿದರೆ ಕಂತು 10,150ರ ಆಸುಪಾಸು, ಒಟ್ಟು ಹದಿನೆಂಟೂಕಾಲು ಲಕ್ಷ. ತಿಂಗಳಿಗೆ ಸಾವಿರದ ನೂರೈವತ್ತು ಹೆಚ್ಚು ಕೊಡುವ ಶಕ್ತಿ ಇದ್ದರೆ ಮೂರು ಲಕ್ಷಕ್ಕೂ ಮಿಗಿಲಾಗಿ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ನಡುವಿನ ಕಾಲ. ಮನೆ ಮುಗಿಯುವ ತನಕ ಹಳೆಯ ಮನೆಯ ಬಾಡಿಗೆಯೂ ಉಂಟು, ಬ್ಯಾಂಕಿನ ಬಡ್ಡಿಯೂ ಉಂಟು. ಹಣ ಪೂರ್ತಿ ಬಿಡುಗಡೆಯಾದ ಮೇಲೆ ಹತ್ತು ಲಕ್ಷಕ್ಕೆ ತಿಂಗಳ ಬಡ್ಡಿಯೇ 7,500. ಬಾಡಿಗೆ ನಾಲ್ಕು ಸಾವಿರ ಎಂದಿಟ್ಟುಕೊಳ್ಳಿ. ಮೇಸ್ತ್ರಿ ನಾಲ್ಕು ತಿಂಗಳು ತಡಮಾಡಿದರೆ 46,000 ರೂಪಾಯಿ ಹೋಯಿತು. ಗೋಡೆಗೆ ಒಂದು ಇಟ್ಟಿಗೆಯೂ ಸೇರಲಿಲ್ಲ. ಮೇಸ್ತ್ರಿಗಳು ಹೇಳಿದ ದಿನಕ್ಕೆ ಮುಗಿಸಿದ್ದನ್ನು ನಾವಂತೂ ಹೆಚ್ಚು ಕಂಡಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವು ನಂಬಿರುವವರೂ ಇದನ್ನು ಗಮನಿಸಬೇಕು. ಗ್ರಾಮೀಣ ಯೋಜನೆ 2016ರಲ್ಲಿ ಆರಂಭವಾದಾಗ ಬಯಲು ಸೀಮೆಗೆ ಗೊತ್ತುಮಾಡಿದ ಮೊತ್ತ 1 ಲಕ್ಷ 20 ಸಾವಿರ. ಅದು ಒಮ್ಮೆಗೇ ಕೈಗೆ ಬರುವುದಿಲ್ಲ. ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಆ ಹಂತದ ಕಂತು. ಅಲ್ಲಿಯವರೆಗೆ ಕೈಯಲ್ಲಿ ಹಣ ಇರಲೇಬೇಕು. ಇಲ್ಲದವರು ಖಾಸಗಿ ಬಡ್ಡಿಗೆ ಕೈಯೊಡ್ಡುತ್ತಾರೆ. ಆ ಬಡ್ಡಿ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ನೆಲದ ಮಾತು. ನಮ್ಮ ಕಡೆಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಮಣ್ಣು ಕಳೆದು ಗಟ್ಟಿ ಗರಸು ಸಿಗುವವರೆಗೆ ಪಾಯ ಇಳಿಸದಿದ್ದರೆ ಮೂರನೆಯ ವರ್ಷಕ್ಕೆ ಗೋಡೆಯಲ್ಲಿ ಸೀಳು ಕಾಣುತ್ತದೆ. ಎಷ್ಟು ಆಳ ಎಂಬುದು ಪ್ಲಾಟಿನಿಂದ ಪ್ಲಾಟಿಗೆ ಬೇರೆ. ಒಂದು ಗುಂಡಿ ತೋಡಿಸಿ ನೋಡಿದ ಮೇಲೆ ಅಂದಾಜು ಪಟ್ಟಿ ಮಾಡಿಸಿರಿ. ಕಿಲ್ಲಾರಿಯನ್ನು ಕಂಡ ಸೀಮೆಯವರು ಪಾಯದಲ್ಲಿಯೂ ಗೋಡೆಯ ಸುತ್ತಿನ ಕಾಂಕ್ರೀಟು ಪಟ್ಟಿಯಲ್ಲಿಯೂ ಉಳಿತಾಯ ಮಾಡಬಾರದು. ಮಾಡುವುದಾದರೆ ಬಣ್ಣದಲ್ಲಿ, ಟೈಲ್ಸಿನಲ್ಲಿ ಮಾಡಿರಿ.

ನೀರಿಗೆ ಬೇರೆಯೇ ಒಂದು ಪುಟ ಬೇಕು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದದ್ದನ್ನು ಯಾರೂ ಮರೆತಿಲ್ಲ. ಮೊದಲ ಸಾರಿ ಬಂದದ್ದು ಐದು ಲಕ್ಷ ಲೀಟರ್. ಜಿಲ್ಲೆಯ ದೊಡ್ಡ ಪಟ್ಟಣದ ಗತಿಯೇ ಅದಾದರೆ, ನಲ್ಲಿಯ ಪೈಪು ಇನ್ನೂ ಮುಟ್ಟದ ಬಡಾವಣೆಯ ಗತಿ ಏನು? ಬೋರ್‌ವೆಲ್‌ಗೆ ಹಣ ಇಡುವಾಗ ನೀರು ಬೀಳದಿದ್ದರೆ ಎಂಬ ಲೆಕ್ಕವೂ ಇರಲಿ. ಮಾರ್ಚ್‌ನಿಂದ ಮಳೆಗಾಲದವರೆಗೆ ಟ್ಯಾಂಕರಿಗೆ ಏನು ಕೊಡುತ್ತೀರಿ ಎಂದು ಅಲ್ಲಿ ಈಗಾಗಲೇ ಮನೆ ಮಾಡಿದವರನ್ನು, ಅದರಲ್ಲೂ ಆ ಮನೆಯ ಹೆಂಗಸರನ್ನು ಕೇಳಿರಿ. ಪ್ಲಾಟು ಮಾರುವವರು ಹೇಳುವ ನೀರು ಬೇರೆ, ಕೊಡ ಹೊರುವವರು ಹೇಳುವ ನೀರು ಬೇರೆ.

ದೂರವನ್ನೂ ರೂಪಾಯಿಗೆ ಇಳಿಸಬೇಕು. ಬಡಾವಣೆ ಪೇಟೆಯಿಂದ ಮೂರು ಕಿಲೋಮೀಟರ್ ಎಂದರೆ ಶಾಲೆಗೊಮ್ಮೆ, ಕೆಲಸಕ್ಕೊಮ್ಮೆ ಹೋಗಿಬರಲು ದಿನಕ್ಕೆ ಹನ್ನೆರಡು ಕಿಲೋಮೀಟರ್. ತಿಂಗಳಿಗೆ ಇಪ್ಪತ್ತಾರು ದಿನ ಹಿಡಿದರೆ ಮುನ್ನೂರು ದಾಟಿತು. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಗಾಡಿ, ಲೀಟರಿಗೆ ನೂರೇ ರೂಪಾಯಿ ಎಂದುಕೊಂಡರೂ ಆರುನೂರು ರೂಪಾಯಿ ಮೀರುತ್ತದೆ. ರಾತ್ರಿ ಮಗುವಿಗೆ ಜ್ವರ ಬಂದರೆ ಕರೆಯುವ ಆಟೋ, ಸಂಜೆ ಟ್ಯೂಷನ್ನಿನಿಂದ ಮಗಳು ಕತ್ತಲಲ್ಲಿ ಬರುವ ದಾರಿಯ ಬೀದಿದೀಪ, ಇವು ಆ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಎಣಿಸುವ ಸಾಮತಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ನಮ್ಮ ಮನೆಗಳಲ್ಲಿ ಹೀಗೆ ಕುಳಿತುಕೊಳ್ಳುವವರು ಸಾಮಾನ್ಯವಾಗಿ ಗಂಡಸರು ಮಾತ್ರ, ಅದೂ ಹೋಟೆಲಿನಲ್ಲಿ, ಏಜೆಂಟನ ಎದುರು. ನಾವು ಹೇಳುವುದು ಇಷ್ಟು. ಒಂದು ಭಾನುವಾರ ಮಧ್ಯಾಹ್ನ ಅವ್ವ, ಹೆಂಡತಿ, ಮಕ್ಕಳು ಎಲ್ಲರೂ ಕೂಡಿ ಕುಳಿತು, ಹೊಸ ಮನೆಯಲ್ಲಿ ತಮ್ಮ ತಮ್ಮ ಒಂದು ದಿನ ಹೇಗಿರುತ್ತದೆಂದು ಬೆಳಗಿನಿಂದ ರಾತ್ರಿಯವರೆಗೆ ಒಂದೊಂದು ಹಾಳೆಯಲ್ಲಿ ಬರೆಯಲಿ. ಬರೆಯಲು ಬಾರದವರದನ್ನು ಮಕ್ಕಳು ಬರೆದುಕೊಳ್ಳಲಿ. ಹಾಲು ಎಲ್ಲಿಂದ, ಹಿಟ್ಟಿನ ಗಿರಣಿ ಎಲ್ಲಿ, ಅವ್ವ ಮಾತಾಡಲು ಯಾರ ಕಟ್ಟೆಗೆ ಹೋಗಬೇಕು, ಗಂಡ ಕೆಲಸಕ್ಕೆ ಹೋದ ಮೇಲೆ ಅಕ್ಕಪಕ್ಕದ ಖಾಲಿ ಪ್ಲಾಟುಗಳ ನಡುವೆ ಹೆಂಡತಿ ಒಬ್ಬಳೇ ಹೇಗಿರಬೇಕು. ಈ ಹಾಳೆಗಳಿಂದ ಹೊರಬಂದ ಖರ್ಚನ್ನು ಮನೆಯ ಕಂತಿನ ಕೆಳಗೆ ಬರೆಯಿರಿ. ಎರಡನ್ನೂ ಕೂಡಿಸಿದ ಮೇಲೂ ದುಡಿಮೆಯಲ್ಲಿ ಮಿಕ್ಕುವುದಾದರೆ ಧೈರ್ಯವಾಗಿ ಮುಂದುವರಿಯಿರಿ. ಮಿಕ್ಕದಿದ್ದರೆ ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲಿದ್ದರೆ ಮಾನವೇನೂ ಹೋಗುವುದಿಲ್ಲ. ಅವ್ವನ ಹಾಳೆಯಲ್ಲಿ ಏನೂ ತುಂಬದಿದ್ದರೆ ಆ ಪ್ಲಾಟಿನ ವಿಷಯ ಇನ್ನೊಮ್ಮೆ ಯೋಚಿಸಿರಿ ಎಂದು ನಾವು ಹೇಳುತ್ತೇವೆ.

ಸಾಮಾನು ಸಾಗಿಸುವುದು ಮಿರಗಿನ ಮಳೆಗೆ ಮುಂಚೆ ಮುಗಿಯಲಿ. ಜೂನ್ ಬಂದರೆ ಎರೆಮಣ್ಣಿನ ರಸ್ತೆಯಲ್ಲಿ ಟೆಂಪೊ ಹೂತು, ಎಳೆಯಲು ಟ್ರ್ಯಾಕ್ಟರಿಗೆ ಬೇರೆ ಬಾಡಿಗೆ ಬೀಳುತ್ತದೆ. ಮೇ ತಿಂಗಳಲ್ಲಾದರೆ ಮಕ್ಕಳ ಶಾಲೆಗೂ ತೊಂದರೆಯಿಲ್ಲ. ಕರೆಂಟಿನ ಮೀಟರ್, ಗ್ಯಾಸ್, ರೇಷನ್ ಕಾರ್ಡ್, ಆಧಾರ್ ವಿಳಾಸ, ಇವಕ್ಕೆ ಓಡಾಡುವಾಗ ಕೂಲಿಯ ದಿನಗಳು ಹೋಗುತ್ತವೆ. ಆ ನಷ್ಟವನ್ನೂ ಬರೆದಿಡಿ. ಹೊಸ ಮನೆಗೆಂದು ಹೊಸ ಸೋಫಾ, ಹೊಸ ಟಿವಿಯನ್ನು ಕಂತಿನಲ್ಲಿ ತರುವುದು ಒಂದು ವರ್ಷ ತಡವಾಗಲಿ.

ಆಶೀರ್ವಾದದ ಊಟದ ಬಗ್ಗೆ ಒಂದು ಮಾತು. ಶಾಮಿಯಾನ, ಇನ್ನೂರು ಜನಕ್ಕೆ ಬಿರಿಯಾನಿ, ಬಂದವರಿಗೆ ಶಾಲು, ಇದಕ್ಕೆಂದೇ ಕೈಗಡ ಮಾಡಿದ ಕುಟುಂಬಗಳಿವೆ. ಮನೆಯ ಆಶೀರ್ವಾದಕ್ಕೆ ನಮಗೆ ಬೇಕಾಗುವುದು ಪವಿತ್ರ ಜಲ, ಮೇಣದಬತ್ತಿ ಮತ್ತು ಮನೆಯವರು. ನೀರು ಮೇಣದಬತ್ತಿ ಎರಡನ್ನೂ ನಾವೇ ತರುತ್ತೇವೆ. ಬಂದವರಿಗೆ ಒಂದು ಕಪ್ಪು ಚಹಾ ಕೊಟ್ಟರೆ ಸಾಕು. ದಿನ ಗೊತ್ತುಮಾಡಲು ಬರುವಾಗ ಹೊಸ ವಿಳಾಸವನ್ನು ಬರೆದು ತನ್ನಿರಿ, ಧರ್ಮಕೇಂದ್ರದ ಕುಟುಂಬ ಪುಸ್ತಕದಲ್ಲಿ ಅದೇ ದಿನ ತಿದ್ದಿಕೊಳ್ಳೋಣ.