ದಡಾರ ನಿರ್ಮೂಲನ ಮತ್ತು ಶಾಲೆಯ ಹೊಣೆ

ದಡಾರಕ್ಕೆ ‘ಅಮ್ಮ’ನೆಂದು ಹೆಸರಿಟ್ಟು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕೈಮುಗಿದ ಕಾಲವೊಂದಿತ್ತು. ಅದು ಲಸಿಕೆಯಿಂದ ತಡೆಯಬಹುದಾದ ರೋಗವೆಂಬುದು ಇಂದು ಸರ್ವವಿದಿತ. ಆದರೂ ಅದು ತೊಲಗಿಲ್ಲ. ನೂರರಲ್ಲಿ 95 ಮಕ್ಕಳಿಗಾದರೂ ಎರಡು ಬಾರಿ ಲಸಿಕೆ ದೊರೆಯದ ಹೊರತು ಅದರ ಹರಡುವಿಕೆ ನಿಲ್ಲದು. ಲಸಿಕೆ ತಲುಪದ ಕೇರಿಯನ್ನು ಈ ರೋಗ ತಪ್ಪದೆ ಹುಡುಕಿಕೊಳ್ಳುತ್ತದೆ.

ಆ ಕೇರಿಯನ್ನು ರೋಗಕ್ಕಿಂತ ಮೊದಲು ನಾವು ತಲುಪಬೇಕು. ವಲಸೆ ಬಂದ ಕೂಲಿಕಾರರ ಮಕ್ಕಳ ಹೆಸರೂ ಸೇರಿದ ಪಟ್ಟಿ, ಲಸಿಕೆಯನ್ನು 2ರಿಂದ 8 ಡಿಗ್ರಿ ಶೈತ್ಯದಲ್ಲಿ ಹಳ್ಳಿಗೊಯ್ಯುವ ಏರ್ಪಾಡು, ಜ್ವರದೊಡನೆ ಕೆಂಪು ಗುಳ್ಳೆಗಳೆದ್ದ ಕೂಡಲೆ ವರದಿ ಮಾಡುವ ಕಾರ್ಯಕರ್ತೆ: ಇವು ದಡಾರಕ್ಕೆಂದು ಸಿದ್ಧವಾದರೂ ಇತರ ರೋಗಗಳ ಎದುರಿಗೂ ನಿಲ್ಲುತ್ತವೆ. ಪೋಲಿಯೊ ವಿಷಯದಲ್ಲಿ ಇದನ್ನು ಕಂಡಿದ್ದೇವೆ. 2014ರಲ್ಲಿ ಭಾರತ ಆ ರೋಗದಿಂದ ಮುಕ್ತವೆನಿಸಿತು. ಅದಕ್ಕಾಗಿ ಕಟ್ಟಿದ ಜಾಲವು ದಡಾರದ ಪತ್ತೆಗೂ ಒದಗಿತು.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಶಾಲೆಗಳೇ ಕೇಂದ್ರಗಳಾದವು. ಅಭಿಯಾನದೊಡನೆ ಶಾಲೆಯ ಹೊಣೆಯೂ ಮುಗಿಯಿತೆಂದು ಭಾವಿಸುವುದು ಸಲ್ಲದು. ಶಿಶುವಿಹಾರದ ದಾಖಲಾತಿಯ ವೇಳೆಯಲ್ಲಿಯೇ ಗುರುಗಳು ತಾಯಿ ಕಾರ್ಡನ್ನು ನೋಡಲಿ. ಲಸಿಕೆ ತಪ್ಪಿದ್ದರೆ ಮಗುವನ್ನು ಹಿಂದಿರುಗಿಸದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಹಲವು ಮಕ್ಕಳು ಒಂದೇ ಸೂರಿನಡಿ ಮಲಗುವ ಪ್ರಸಾದ ನಿಲಯಗಳಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ.

ಅನ್ನ, ಅಕ್ಷರಗಳ ದಾಸೋಹ ನಡೆಸಿಬಂದ ಮಠಗಳಿಗೆ ಇದು ಹೊರಗಿನ ಕೆಲಸವಲ್ಲ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೊಠಡಿ ಕಟ್ಟಿಸುವಷ್ಟೇ ಆಸ್ಥೆಯಿಂದ ಈ ಕಾರ್ಯಕ್ಕೆ ನೆರವಾದರೆ, ಅದೂ ಕಾಯಕವೇ ಸರಿ.